ರೋಮನ್ನರು ನೇಮಿಸಿದವನು ನಿಜವಾದ ಮಹಾಯಾಜಕನೇ?

‘ಕಾಯಫನನ್ನು ನೇಮಿಸಿದವನು ರೋಮನ್ ಅಧಿಪತಿ ಎಂದ ಮೇಲೆ ಅವನು ಮಹಾಯಾಜಕ ಹೇಗಾದಾನು?’ ಈ ಪ್ರಶ್ನೆಗೆ ಹಿಂದೆಯೂ ಹಲವು ಸಲ ಉತ್ತರಿಸಿದ್ದೇನೆ. ಮತ್ತೆ ಕೇಳಿದ್ದೀರಿ, ಮತ್ತೆ ಹೇಳುತ್ತೇನೆ. ಯೇಸುವಿನ ವಿಚಾರಣೆಯ ಕಾಲದಲ್ಲಿ ಯೆಹೂದ್ಯರ ಮಹಾಯಾಜಕನಾಗಿದ್ದ ಈ ಕಾಯಫನ ನೇಮಕದ ರೀತಿ ಶಾಸ್ತ್ರಸಮ್ಮತವಲ್ಲ, ಆದರೆ ಯೆರೂಸಲೇಮಿನ ದೇವಾಲಯದಲ್ಲಿ ಅವನ ಸೇವೆ ಸಿಂಧುವಾಗಿಯೇ ನಡೆಯಿತು.

ರೋಮನ್ನರು ಹಣ ಕೊಟ್ಟ ಯಾರನ್ನಾದರೂ, ಮೊದಲ ಮಹಾಯಾಜಕನಾಗಿದ್ದ ಆರೋನನ ವಂಶಕ್ಕೆ ಸೇರದವರನ್ನು ಕೂಡ, ಆ ಸ್ಥಾನದಲ್ಲಿ ಕೂರಿಸಿದರೆಂಬ ಮಾತು ಎಷ್ಟು ಹೇಳಿದರೂ ಸಾಯುತ್ತಿಲ್ಲ. ಮೋಶೆಯ ಧರ್ಮಶಾಸ್ತ್ರ ಕೇಳುವುದು ಆರೋನನ ರಕ್ತಸಂಬಂಧವನ್ನು. ಆ ವಂಶದಲ್ಲೂ, ಸೊಲೊಮೋನನ ಕಾಲದ ಯಾಜಕ ಚಾದೋಕನ ಮನೆತನಕ್ಕೇ ಪದವಿ ಸಲ್ಲುತ್ತಿದ್ದುದು ದೀರ್ಘಕಾಲದ ರೂಢಿ. ಈ ಪದವಿಗೆ ಪರದೇಶದ ಅರಸರು ಕೈಹಾಕಿದಾಗ ರೋಮನ್ನರು ಅಲ್ಲಿರಲೇ ಇಲ್ಲ. ಕ್ರಿ.ಪೂ. 175ರಲ್ಲಿ ಹೆಚ್ಚು ಕಪ್ಪ ಕೊಡುವುದಾಗಿ ಮಾತು ಕೊಟ್ಟ ಯಾಸೋನನಿಗಾಗಿ ಅವನ ಅಣ್ಣ ಓನಿಯನನ್ನು ಇಳಿಸಿದವನು ಗ್ರೀಕ್ ದೊರೆ ಅಂತಿಯೋಕ. ಕ್ರಿ.ಪೂ. 152ರಲ್ಲಿ ಗ್ರೀಕರ ವಿರುದ್ಧ ದಂಗೆಯೆದ್ದ ಹಸ್ಮೋನೀಯ ಮನೆತನದ ಯೋನಾತಾನನು ಮಹಾಯಾಜಕನ ಉಡುಪು ತೊಟ್ಟದ್ದೂ ಪರದೇಶದ ಅರಸ ಅಲೆಕ್ಸಾಂಡರ್ ಬಾಲಾಸನ ಅನುಗ್ರಹದಿಂದಲೇ. ರೋಮಿನ ಅಧೀನ ಅರಸ ಹೆರೋದನಿಂದ ಕ್ರಿ.ಶ. 70ರ ದೇವಾಲಯದ ವಿನಾಶದವರೆಗೆ ಇಪ್ಪತ್ತೆಂಟು ಮಹಾಯಾಜಕರನ್ನು ಎಣಿಸುವ, ತಾನೂ ಯಾಜಕನಾಗಿದ್ದ ಇತಿಹಾಸಕಾರ ಜೋಸೀಫಸ್, ಅವರಲ್ಲಿ ಹಲವರನ್ನು ಕಟುವಾಗಿ ಟೀಕಿಸಿದರೂ ಯಾರನ್ನೂ ಆರೋನವಂಶದ ಹೊರಗಿನವನೆನ್ನುವುದಿಲ್ಲ. ರೋಮನ್ನರು ನಿಜವಾಗಿ ಮುರಿದದ್ದು ಪದವಿ ಜೀವಾವಧಿಯದೆಂಬ ನಿಯಮ: ಕ್ರಿ.ಶ. 6ರಲ್ಲಿ ನೇಮಕಗೊಂಡ, ಕಾಯಫನ ಮಾವ ಅನ್ನನನ್ನು 15ರಲ್ಲಿ ಅಧಿಪತಿ ಗ್ರಾತಸ್ ಇಳಿಸಿದ, ಮುಂದಿನ ಮೂರು ವರ್ಷಗಳಲ್ಲೇ ಮೂವರು ಬಂದು ಹೋದರು, ಬಳಿಕ ಬಂದ ಕಾಯಫನು 36ರವರೆಗೆ ಉಳಿದ. ಇಳಿಸಲ್ಪಟ್ಟವನ ಪಾವಿತ್ರ್ಯ ಅಳಿಯುವುದಿಲ್ಲವೆಂದು ಯೆಹೂದ್ಯ ಗುರುಗಳ ಪ್ರಾಚೀನ ಧರ್ಮಸಂಹಿತೆಯಾದ ಮಿಷ್ನಾ ಕೂಡ ಒಪ್ಪುತ್ತದೆ. ಅನ್ನನನ್ನು ಜನ ಆಮೇಲೂ ಮಹಾಯಾಜಕನೆಂದು ಕರೆದದ್ದರಲ್ಲಿ ಆಶ್ಚರ್ಯವಿಲ್ಲ.

ನೀವು ಕೇಳಬೇಕಾಗಿದ್ದದ್ದು ಮಹಾಯಾಜಕನ ಉಡುಪಿನ ವಿಷಯ. ಬಾಬೆಲಿನ ಸೆರೆಯ ನಂತರ ಕಟ್ಟಿದ ಎರಡನೆಯ ದೇವಾಲಯದ ಕಾಲದಲ್ಲಿ ಮಹಾಯಾಜಕನಿಗೆ ಹಚ್ಚುವ ಅಭಿಷೇಕತೈಲವಿರಲಿಲ್ಲ. ಎಂಟು ವಸ್ತ್ರಗಳನ್ನು ತೊಡಿಸುವುದೇ ಪ್ರತಿಷ್ಠಾಪನೆ. ಆ ಪವಿತ್ರ ಉಡುಪನ್ನು ರೋಮನ್ನರು ದೇವಾಲಯದ ಪಕ್ಕದ ಅಂತೋನಿಯಾ ಕೋಟೆಯ ಕಲ್ಲಿನ ಕೋಣೆಯಲ್ಲಿ, ಯಾಜಕರ ಮುದ್ರೆಯೊತ್ತಿ ಇರಿಸಿದ್ದರು; ಕೋಟೆಯ ನಾಯಕ ದಿನವೂ ಅಲ್ಲೊಂದು ದೀಪ ಹಚ್ಚುತ್ತಿದ್ದ. ಹಬ್ಬಕ್ಕೆ ಏಳು ದಿನ ಮೊದಲು ಅದು ಯಾಜಕರ ಕೈಸೇರುತ್ತಿತ್ತು, ಹಬ್ಬ ಮುಗಿದೊಡನೆ ಹಿಂದಿರುಗಬೇಕಿತ್ತು. ಕಾಯಫನನ್ನು ತೆಗೆದ, ಸಿರಿಯಾದ ರೋಮನ್ ಅಧಿಪತಿ ವಿಟೆಲಿಯಸನೇ ಅದನ್ನು ಯಾಜಕರ ವಶಕ್ಕೆ ಮರಳಿಸಿದ.

ರೋಮಿನ ಕೈವಾಡವೇ ಇಲ್ಲದ ಒಂದು ನೇಮಕವೂ ನಡೆದಿದೆ. 67–68ರಲ್ಲಿ ರೋಮಿನ ವಿರುದ್ಧ ಎದ್ದ ಯೆಹೂದ್ಯ ದಂಗೆಕೋರರು ಯಾಜಕರ ಒಂದು ಕುಲವನ್ನು ಕರೆಸಿ ಚೀಟಿ ಹಾಕಿದಾಗ ಅದು ಫನ್ನಿಯನೆಂಬ ಹಳ್ಳಿಗನಿಗೆ ಬಿತ್ತು. ಅವನನ್ನು ಊರಿನಿಂದ ಬಲವಂತವಾಗಿ ಎಳೆತಂದು, ಪವಿತ್ರ ವಸ್ತ್ರ ತೊಡಿಸಿ, ಯಾವಾಗ ಏನು ಮಾಡಬೇಕೆಂದು ಹೇಳಿಕೊಟ್ಟರು. ದೂರದಿಂದ ನೋಡುತ್ತಿದ್ದ ಉಳಿದ ಯಾಜಕರು ಅತ್ತರು.