30 ಸೆಂಟ್ ಮಳೆ ಅಂದ್ರೆ ಎಐಗೆ ಏನು ಗೊತ್ತು?

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮಾದಾಪುರ ಕಡೆಯ ಕಾಫಿ ಬೆಳೆಗಾರರೊಬ್ಬರು ಮಡಿಕೇರಿಯ ನನ್ನ ಆಫೀಸಿಗೆ ಬಂದರು. ಅವರ ಹೋಂಸ್ಟೇ ವೆಬ್‌ಸೈಟ್ ನೋಡಿಕೊಳ್ಳುವವನು ನಾನೇ. ಕೂರುವ ಮೊದಲೇ ಮೊಬೈಲ್ ನನ್ನ ಮುಂದೆ ಹಿಡಿದರು.

"ನೋಡು ಮಾರಾಯ, ನಾನು ಕೇಳಿದ್ದೆಂಥ, ಇದು ಹೇಳ್ತಿರೋದೆಂಥ?"

ಹಿಂದಿನ ಸಂಜೆ ಅವರ ತೋಟಕ್ಕೆ ಹೂ ಮಳೆ, ಅಂದರೆ ಕಾಫಿ ಮೊಗ್ಗನ್ನು ಅರಳಿಸುವ ಮಳೆ, ಬಿದ್ದಿತ್ತು. ಆದರೆ ಅಳೆದು ನೋಡಿದರೆ ಬರೀ 30 ಸೆಂಟ್. ರೊಬಸ್ಟಾ ಕಾಫಿಯ ಹೂ ಚೆನ್ನಾಗಿ ಅರಳಬೇಕಾದರೆ ಹೆಚ್ಚುಕಮ್ಮಿ ಒಂದು ಇಂಚು ಬೇಕು. ಅರೆಬರೆ ಮಳೆ ಬಂದರೆ ಮೊಗ್ಗಿಗೆ ಆಸೆ ತೋರಿಸಿ ಕೈಬಿಟ್ಟ ಹಾಗೆ. ಹಾಗಾಗಿ ಅವರು ಮೊಬೈಲ್‌ನ ಎಐ ಸರ್ಚ್‌ನಲ್ಲಿ ಕೇಳಿದ್ದರು: "30 ಸೆಂಟ್ ಮಳೆ ಆಗಿದೆ, ಸ್ಪ್ರಿಂಕ್ಲರ್ ಹಾಕಬೇಕಾ?" ಎಐ ಕೊಟ್ಟ ಉತ್ತರ ಪೂರ್ತಿ ಬೇರೆ. 30 ಸೆಂಟ್ ಜಾಗಕ್ಕೆ ಎಷ್ಟು ಸ್ಪ್ರಿಂಕ್ಲರ್ ಬೇಕು, ಪೈಪ್ ಎಷ್ಟು ಉದ್ದ ಇರಬೇಕು, ಮಳೆ ಬಂದ ದಿನ ನೀರು ಕೊಡುವುದು ಬೇಡ. ಕನ್ನಡ ಮಾತ್ರ ಚೊಕ್ಕವಾಗಿತ್ತು. ಒಂದಕ್ಷರವೂ ತಪ್ಪಿರಲಿಲ್ಲ.

ನಮ್ಮಲ್ಲಿ ಮಳೆಯ ಲೆಕ್ಕ ಇಂಚು, ಸೆಂಟಿನಲ್ಲಿ. ಒಂದು ಇಂಚಿಗೆ 100 ಸೆಂಟ್. 30 ಸೆಂಟ್ ಅಂದರೆ ಸುಮಾರು ಏಳೂವರೆ ಮಿಲಿಮೀಟರ್. ಜಾಗಕ್ಕೂ ಸೆಂಟ್ ಇದೆ, ಎಕರೆಗೆ 100. ಇನ್ನು ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಅರೇಬಿಕಾ ಕಾಫಿಯ ದರ ಹೇಳುವುದು ಪೌಂಡಿಗೆ ಇಷ್ಟು ಸೆಂಟ್ ಅಂತ. ಒಬ್ಬ ಬೆಳೆಗಾರನ ಬಾಯಲ್ಲಿ ಒಂದೇ ದಿನ ಈ ಮೂರೂ ಬರುತ್ತವೆ. ಕೇಳುವವರಿಗೆ ಗೊಂದಲ ಆಗುವುದಿಲ್ಲ. ಬರಹದಲ್ಲಿ ಹುಡುಕಿದರೆ ಜಾಗದ ಸೆಂಟ್ ರಾಶಿ ರಾಶಿ ಸಿಗುತ್ತದೆ. ಮಳೆಯ ಸೆಂಟ್ ಸಿಗುವುದು ತೀರಾ ಕಮ್ಮಿ. ಎಐ ಎಡವಿದ್ದು ಇಲ್ಲೇ.

ಮೊದಲಿನ ಸರ್ಚ್ ಆಗಿದ್ದರೆ ಈ ತಪ್ಪು ಈ ರೂಪದಲ್ಲಿ ಬರುತ್ತಿರಲಿಲ್ಲ. 1998ರಲ್ಲಿ ಗೂಗಲ್ ಶುರುವಾದಾಗ ಅದರ ಕೆಲಸ ಹುಡುಕಿಕೊಡುವುದು ಮಾತ್ರ. ಅದರ ಪ್ರೋಗ್ರಾಂಗಳು ಜಾಲತಾಣಗಳನ್ನು ಸುತ್ತಿ, ಯಾವ ಪದ ಯಾವ ಪುಟದಲ್ಲಿದೆ ಅಂತ ಪಟ್ಟಿ ಮಾಡಿಡುತ್ತಿದ್ದವು. ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ವಾ, ಹಾಗೆ. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು, ಎಂಥ ಪುಟಗಳು ಲಿಂಕ್ ಕೊಟ್ಟಿವೆ ಎನ್ನುವುದನ್ನು ನೋಡಿ ಮೇಲೆ ಕೆಳಗೆ ಜೋಡಿಸುತ್ತಿತ್ತು. ನಮ್ಮ ಮುಂದೆ ಹತ್ತು ಲಿಂಕ್ ಇಡುತ್ತಿತ್ತು. ತೆಗೆದು ನೋಡುವುದು, ಇದು ನನಗಲ್ಲ ಅಂತ ಬಿಡುವುದು ನಮ್ಮ ಕೈಯಲ್ಲಿತ್ತು.

ಈಗ ಅದೇ ಯಂತ್ರ ಓದಿ, ತಾನೇ ಬರೆದು ಕೊಡುತ್ತಿದೆ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂದ ಮೇಲೆ ಈ ಓಟ ಜೋರಾಯಿತು. 2024ರಲ್ಲಿ ಗೂಗಲ್‌ನ ಎಐ ಸಾರಾಂಶಗಳು ಮೊದಲು ಅಮೆರಿಕಕ್ಕೆ, ಆಮೇಲೆ ಭಾರತಕ್ಕೆ ಬಂದವು. 2025ರಲ್ಲಿ, ಲಿಂಕುಗಳ ಬದಲು ಉತ್ತರವನ್ನೇ ಬರೆದುಕೊಡುವ ಎಐ ಮೋಡ್ ಬಂತು. ನಾವು ಕೇಳಿದ ಒಂದು ಪ್ರಶ್ನೆಯನ್ನು ಅದು ಒಳಗೊಳಗೇ ಹಲವು ಸಣ್ಣ ಪ್ರಶ್ನೆಗಳಾಗಿ ಒಡೆಯುತ್ತದೆ. ಒಂದೊಂದಕ್ಕೂ ಪುಟಗಳನ್ನು ಹುಡುಕಿ ತರುತ್ತದೆ. ತಂದದ್ದನ್ನು ಎದುರಿಗಿಟ್ಟುಕೊಂಡು ಒಂದು ಪದದ ಮುಂದೆ ಯಾವ ಪದ ಬಂದರೆ ಸರಿ ಎಂದು ಲೆಕ್ಕ ಹಾಕುತ್ತಾ ವಾಕ್ಯ ಕಟ್ಟುತ್ತದೆ. ತಂದ ಪುಟಗಳಲ್ಲಿ ಬೇಕಾದ್ದು ಇದ್ದರೆ ಉತ್ತರ ಚೆನ್ನಾಗಿರುತ್ತದೆ. ಇಲ್ಲದಿದ್ದರೂ ಎಷ್ಟೋ ಸಲ ಅದು ಸುಮ್ನೆ ಕೂರುವುದಿಲ್ಲ. ಖಾಲಿ ಜಾಗವನ್ನು ತನ್ನ ಅಂದಾಜಿನಿಂದ ತುಂಬಿಬಿಡುತ್ತದೆ. ತುಂಬಿದ ಜಾಗ ಯಾವುದು, ಪುಟದಿಂದ ತಂದದ್ದು ಯಾವುದು ಅಂತ ಓದುವವರಿಗೆ ತಿಳಿಯುವುದಿಲ್ಲ. ಎರಡರ ದನಿಯೂ ಒಂದೇ.

ಕನ್ನಡಿಗರಿಗೆ ಇದರ ಬಿಸಿ ಮೊದಲೇ ತಟ್ಟಿದೆ. 2021ರ ಜೂನ್ ನೆನಪಿದೆಯಾ? ಭಾರತದ ಅತಿ ಕೆಟ್ಟ ಭಾಷೆ ಯಾವುದು ಎಂದು ಕೇಳಿದರೆ ಗೂಗಲ್ ದೊಡ್ಡ ಅಕ್ಷರದಲ್ಲಿ ಕನ್ನಡ ಎಂದು ತೋರಿಸುತ್ತಿತ್ತು. ಎಲ್ಲರಿಗೂ ನೋವಾಯಿತು, ಕಂಪನಿ ಕ್ಷಮೆ ಕೇಳಿ ತೆಗೆಯಿತು. ಯಾವುದೋ ಕೆಲಸಕ್ಕೆ ಬಾರದ ಪುಟದಲ್ಲಿದ್ದ ಸಾಲನ್ನು ಎತ್ತಿ, ಅದೇ ಉತ್ತರ ಎನ್ನುವಂತೆ ಮೇಲೆ ಇಟ್ಟಿದ್ದರಿಂದ ಆದ ಅವಾಂತರ ಅದು. ಆ ಸಾಲು ಹತ್ತು ಲಿಂಕುಗಳ ನಡುವೆ ಒಂದಾಗಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಉತ್ತರ ಒಂದೇ ಆದಾಗ ಅದಕ್ಕೆ ಬರುವ ತೂಕವೇ ಬೇರೆ.

ಹಾಗಂತ ಎಐ ಸರ್ಚ್ ಬೇಡ ಅಂತ ನಾನು ಹೇಳುವುದಿಲ್ಲ. ದಿನಾ ಬಳಸುತ್ತೇನೆ. ನನ್ನ ಅಮ್ಮನಿಗೆ ಟೈಪ್ ಮಾಡಲು ಬರುವುದಿಲ್ಲ. ಈಗ ಮೊಬೈಲ್‌ಗೆ ಮಾತಾಡಿಯೇ, ಡಾಕ್ಟರ್ ಬರೆದುಕೊಟ್ಟ ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಅಂತ ಕೇಳುತ್ತಾರೆ. ಎಲೆಯ ಫೋಟೊ ತೆಗೆದು ಇದೆಂಥ ರೋಗ ಎಂದು ಕೇಳಬಹುದು. ಕಂಗ್ಲಿಷಿನಲ್ಲಿ ಹೇಗೆ ಹೇಗೋ ಬರೆದರೂ ಅರ್ಥ ಮಾಡಿಕೊಳ್ಳುತ್ತದೆ. ಹಿಂದೆ ಸರಿಯಾದ ಪದ ಗೊತ್ತಿಲ್ಲದವರಿಗೆ ಸರ್ಚ್ ಬಾಗಿಲೇ ತೆರೆಯುತ್ತಿರಲಿಲ್ಲ. ಅವರಿಗೆ ಇದು ನಿಜಕ್ಕೂ ದೊಡ್ಡ ಸಹಾಯ.

ಆದರೆ ಕೊಡಗಿನಲ್ಲಿ ಎರಡು ವಿಷಯಕ್ಕೆ ಇದನ್ನೇ ನಂಬಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಒಂದು ಮಳೆಗಾಲದ ರಸ್ತೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ ಬಂದ ಸುದ್ದಿಗಳು ಇವತ್ತಿಗೂ ಜಾಲದಲ್ಲಿವೆ. ಆಮೇಲಿನ ವರ್ಷಗಳ ಆದೇಶಗಳೂ ಇವೆ. ಅವನ್ನೆಲ್ಲ ಕಲಸಿ ಎಐ ಒಂದು ಉತ್ತರ ಕೊಟ್ಟರೆ ಅದರಲ್ಲಿ ಯಾವ ವರ್ಷದ್ದು ಎಷ್ಟಿದೆಯೋ. ಕಳೆದ ಮಳೆಗಾಲದಲ್ಲಿ ಬೆಂಗಳೂರಿನ ಒಂದು ಕುಟುಂಬ ಹೀಗೇ ಹಳೆಯ ಮಾಹಿತಿ ನೋಡಿ, ತೆರೆದಿದ್ದ ರಸ್ತೆಯನ್ನು ಬಿಟ್ಟು, ರಾತ್ರಿ ಮಳೆಯಲ್ಲಿ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಒಳದಾರಿಯಲ್ಲಿ ಬಂದಿತ್ತು. ಅಂಥ ಹೊತ್ತಿನಲ್ಲಿ ಜಿಲ್ಲಾಡಳಿತದ ಆ ದಿನದ ಪ್ರಕಟಣೆ ನೋಡಿ. ಹೋಂಸ್ಟೇಯವರಿಗೆ ಒಂದು ಫೋನ್ ಮಾಡಿ. ಎರಡನೆಯದು ಗಿಡಕ್ಕೆ ಹೊಡೆಯುವ ಔಷಧಿ. ಕೊಳೆ ರೋಗಕ್ಕೆ, ಕಾಂಡಕೊರಕಕ್ಕೆ ಯಾವುದು, ಎಷ್ಟು ಪ್ರಮಾಣ ಎಂದು ಎಐ ಹೇಳಿದರೆ ಕೆಳಗಿನ ಲಿಂಕ್ ಒತ್ತಿ ಯಾರು ಬರೆದದ್ದು ಎಂದು ನೋಡಿ. ಚೆಟ್ಟಳ್ಳಿಯಲ್ಲೇ ಕಾಫಿ ಸಂಶೋಧನಾ ಉಪಕೇಂದ್ರ ಇರುವಾಗ ಬೇರೆ ದೇಶದ ತೋಟದ ಲೆಕ್ಕ ನಮಗೇಕೆ?

ಲಿಂಕ್ ಒತ್ತಿ ಎಂದು ನಾನು ಪದೇ ಪದೇ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. 2025ರ ಮಾರ್ಚ್‌ನಲ್ಲಿ ಅಮೆರಿಕದ ಸುಮಾರು 900 ಜನರ ಹುಡುಕಾಟವನ್ನು ಅಲ್ಲಿನ ಸಮೀಕ್ಷಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ ನೋಡಿತ್ತು. ಎಐ ಸಾರಾಂಶ ಬಂದಾಗ ಜನ 100ರಲ್ಲಿ 8 ಸಲ ಮಾತ್ರ ಕೆಳಗಿನ ಫಲಿತಾಂಶದ ಲಿಂಕ್ ಒತ್ತಿದರು. ಸಾರಾಂಶ ಇಲ್ಲದಾಗ 15 ಸಲ. ಸಾರಾಂಶದ ಒಳಗೇ ಇರುವ ಲಿಂಕ್ ಒತ್ತಿದ್ದು 100ಕ್ಕೆ 1 ಸಲ. ನನ್ನ ಕೈಯಲ್ಲಿರುವ ವೆಬ್‌ಸೈಟ್‌ಗಳಲ್ಲೂ ಗಾಳಿ ಹೀಗೇ ಬೀಸುತ್ತಿದೆ. ಮಾಂದಲಪಟ್ಟಿಗೆ ಯಾವ ಹೊತ್ತಿಗೆ ಹೋದರೆ ಒಳ್ಳೆಯದು, ತಲಕಾವೇರಿಯಲ್ಲಿ ತುಲಾ ಸಂಕ್ರಮಣದ ದಿನ ಗಾಡಿ ಎಲ್ಲಿ ನಿಲ್ಲಿಸಬೇಕು ಎಂದು ನಾವು ನಿಂತು ನೋಡಿ, ನಾಲ್ಕು ಜನರನ್ನು ಕೇಳಿ ಬರೆದ ಪುಟಗಳಿವೆ. ಅವನ್ನು ತೆರೆಯುವವರು ಕಮ್ಮಿಯಾಗಿದ್ದಾರೆ. ಅದರೊಳಗಿನ ಮಾಹಿತಿ ಮಾತ್ರ ಎಐ ಉತ್ತರದಲ್ಲಿ ಕಾಣುತ್ತದೆ. ಪುಟಕ್ಕೆ ಜನ ಬಂದರೆ ತಾನೇ ರೂಮ್ ಬುಕ್ ಆಗುವುದು, ಕಾಫಿ ಪುಡಿ ಮಾರಾಟವಾಗುವುದು, ಮುಂದಿನ ವರ್ಷ ಮತ್ತೆ ಬರೆಯಲು ಮನಸ್ಸಾಗುವುದು?

ನಮ್ಮ ಪುಟದ ಸಾಲುಗಳನ್ನು ಸಾರಾಂಶಕ್ಕೆ ಬಳಸಬೇಡಿ ಎಂದು ತಡೆಯುವ ದಾರಿ ಇದೆ. ಪುಟದ ಕೋಡ್‌ನಲ್ಲಿ ನೋಸ್ನಿಪೆಟ್ (nosnippet) ಎಂಬ ಸೂಚನೆ ಹಾಕಿದರಾಯಿತು. ಆದರೆ ಆಗ ಮಾಮೂಲಿ ಸರ್ಚ್‌ನಲ್ಲಿ ನಮ್ಮ ಹೆಸರಿನ ಕೆಳಗೆ ಬರುವ ಎರಡು ಸಾಲು ವಿವರವೂ ಹೋಗುತ್ತದೆ. ಹಾಗಾಗಿ ಚಿಕ್ಕ ಹೋಂಸ್ಟೇಯವರಿಗೆ ನಾನು ಇದನ್ನು ಹೇಳುವುದಿಲ್ಲ. ಬದಲಿಗೆ, ನಿಮಗೆ ಮಾತ್ರ ಗೊತ್ತಿರುವುದನ್ನು ಬರೆಯಿರಿ ಅನ್ನುತ್ತೇನೆ. ತಾರೀಕು ಹಾಕಿ, ಊರಿನ ಹೆಸರು ಹಾಕಿ, ಯಾವ ಅಳತೆ ಎಂದು ಬಿಡಿಸಿ ಹೇಳಿ. 'ಪ್ರಕೃತಿಯ ಮಡಿಲಲ್ಲಿ' ಎಂದು ಬರೆದರೆ ಎಐಗೂ ಬೇಡ, ಮನುಷ್ಯರಿಗೂ ಬೇಡ. ಕೊಡವ ತಕ್ಕ್‌ನಲ್ಲಿ, ಅರೆಭಾಷೆಯಲ್ಲಿ ಗಿಡಕ್ಕೆ, ಅಣಬೆಗೆ, ಮಳೆಯ ಬಗೆಗೆ ಎಷ್ಟೊಂದು ಹೆಸರುಗಳಿವೆ. ಹೆಚ್ಚಿನವು ಇನ್ನೂ ಬಾಯಲ್ಲೇ ಇವೆ. ಬರೆಯದ ಮಾತು ಆ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ.

ಮಾದಾಪುರದ ಆ ಬೆಳೆಗಾರರಿಗೆ ಇದೇ ಮಾತು ಹೇಳಿದೆ. ಅವತ್ತು ಅವರು ಪಕ್ಕದ ತೋಟದವರನ್ನು ಕೇಳಿ, ಮಳೆಯಲ್ಲಿ ಕಮ್ಮಿಯಾದಷ್ಟು ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಕೊಟ್ಟರು. ವಾರ ಕಳೆದು ಮತ್ತೆ ಬಂದಾಗ ಕಂಕುಳಲ್ಲಿ ಒಂದು ಕಟ್ಟು ಇತ್ತು. ಅವರ ತಂದೆಯ ಕಾಲದಿಂದ ಬರೆದಿಟ್ಟ ಮಳೆ ಪುಸ್ತಕಗಳು. ಈಗ ಅವರ ಸೊಸೆ ಅದನ್ನು ಟೈಪ್ ಮಾಡುತ್ತಿದ್ದಾರೆ, ನಾನು ವೆಬ್‌ಸೈಟಿಗೆ ಹಾಕುತ್ತಿದ್ದೇನೆ. ತಾರೀಕು, ಇಂಚು–ಸೆಂಟ್, ಪಕ್ಕದಲ್ಲಿ ಮಿಲಿಮೀಟರ್, ಕೊನೆಯಲ್ಲಿ 'ಹೂ ಅರಳಿತು', 'ಗಾಳಿ ಜೋರು' ಅಂತ ಅವರು ಬರೆದ ಟಿಪ್ಪಣಿ. 2018ರ ಆಗಸ್ಟ್ ಪುಟದಲ್ಲಿ ಕೆಲವು ದಿನಗಳ ಸಾಲು ಖಾಲಿ ಇತ್ತು. ಮಳೆಮಾಪಕ ಇದ್ದ ಕಡೆಗೆ ಹೋಗಲು ದಾರಿಯೇ ಇರಲಿಲ್ಲವಂತೆ. "ಪಕ್ಕದ ಊರಿನ ಲೆಕ್ಕ ನೋಡಿ ತುಂಬಿಸಲಾ ಮಾವ?" ಎಂದು ಸೊಸೆ ಕೇಳಿದರು. "ಬೇಡ ಮಗಾ, ಖಾಲಿ ಇರಲಿ. ಯಾಕೆ ಖಾಲಿ ಅಂತ ಬರೆ" ಅಂದರು ಅವರು. ಆ ಸಾಲುಗಳ ಪಕ್ಕದಲ್ಲಿ 'ಗುಡ್ಡ ಜರಿದಿತ್ತು, ಅಳೆಯಲಿಲ್ಲ' ಎಂದು ಹಾಕಿದ್ದೇವೆ.