ಎದೆಯಲ್ಲಿ ನೀರು, ಮತ್ತೆ ಆ "ಇಷ್ಟೇ ದಿನ" ಅನ್ನೋ ಲೆಕ್ಕ

"ಕ್ಯಾನ್ಸರ್ ಇತ್ತು, ಈಗ ಲಂಗ್ಸಲ್ಲಿ ನೀರೂ ತುಂಬ್ಕೊಂಡಿದೆ, ಇನ್ನೇನು ಮುಗೀತು" ಅಂತ ಯಾರಾದ್ರೂ ಅಂದ್ರೆ ನನಗೆ ರೇಗುತ್ತೆ. ನೀರು ಲಂಗ್ಸ್ ಒಳಗಲ್ಲ, ಹೊರಗೆ, ಪ್ಲೂರಾ ಅನ್ನೋ ಎರಡು ಪದರದ ಸಂದೀಲಿ ಇರೋದು. ಚೆನ್ನಾಗಿರೋರಿಗೂ ಅಲ್ಲಿ ಒಂದಷ್ಟು ಚಮಚ ದ್ರವ ಇದ್ದೇ ಇರುತ್ತೆ, ಕೀಲಿಗೆ ಎಣ್ಣೆ ಬಿಟ್ಟಂಗೆ. ಜಿನುಗಿದ್ದನ್ನ ಪಕ್ಕೆಲುಬಿನ ಕಡೆ ಪದರದ ಲಿಂಫ್ ತೂತುಗಳು (ಮೈಯ ಹೆಚ್ಚುವರಿ ದ್ರವ ಸಾಗಿಸೋ ನಾಳಗಳ ಬಾಯಿ) ಹೀರ್ಕೊಳ್ತಾ ಇರ್ತವೆ. ಕ್ಯಾನ್ಸರ್ ಆ ತೂತುಗಳನ್ನೇ ಮುಚ್ಚುತ್ತೆ, ಜೊತೆಗೆ ರಕ್ತನಾಳಗಳೂ ಸೋರೋ ಹಂಗೆ ಮಾಡುತ್ತೆ. ಬಚ್ಚಲ ಕಿಂಡಿಗೆ ಕೂದಲು ಸಿಕ್ಕೊಂಡಿದೆ, ಮೇಲೆ ನಲ್ಲಿನೂ ಜೋರಾಗಿದೆ, ನೀವು ಚೆಂಬಲ್ಲಿ ಮೊಗೆದು ಹಾಕ್ತಿದೀರ. ತೆಗೆಸಿದ ಮೇಲೂ ನೀರು ಮತ್ತೆ ತುಂಬೋದು ಅದಕ್ಕೇ, ತೆಗೆಯೋಕೆ ಸೂಜಿ ಚುಚ್ಚಿದ್ದಕ್ಕಲ್ಲ.

ಮಜಾ ಏನಂದ್ರೆ ಬದುಕಿನ ಅಂದಾಜು ಹಾಕೋಕೆ 2014ರಲ್ಲಿ ಬಂದ ಲೆಂಟ್ ಸ್ಕೋರಲ್ಲಿ ಎಷ್ಟು ಲೀಟರ್ ನೀರು ಅನ್ನೋ ಪ್ರಶ್ನೇನೇ ಇಲ್ಲ! ಅಂಕ ಜಾಸ್ತಿ ಆದಷ್ಟೂ ಪರಿಸ್ಥಿತಿ ಕೆಟ್ಟದ್ದು ಅಂತ ಅರ್ಥ. ದ್ರವದಲ್ಲಿ ಎಲ್‌ಡಿಹೆಚ್ (ಜೀವಕೋಶ ಹಾಳಾದಾಗ ಹೊರಗೆ ಬರೋ ಕಿಣ್ವ) 1500 ದಾಟಿದ್ರೆ 1, ರಕ್ತದಲ್ಲಿ ನ್ಯೂಟ್ರೋಫಿಲ್ ಅನ್ನೋ ಬಿಳಿ ಕಣ ಲಿಂಫೋಸೈಟ್ ಅನ್ನೋ ಇನ್ನೊಂದು ಬಿಳಿ ಕಣದ 9 ಪಟ್ಟು ಮೀರಿದ್ರೆ 1, ಗೆಡ್ಡೆ ಯಾವ್ದು ಅನ್ನೋದಕ್ಕೆ 0ರಿಂದ 2. ಒಟ್ಟು 7ರಲ್ಲಿ ಉಳಿದ 3 ಅಂಕ ಪೂರ್ತಿ ಓಡಾಟಕ್ಕೆ. "ಸ್ನಾನ ನೀವೇ ಮಾಡ್ತೀರಾ? ಹಗಲಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಮಲಗೇ ಇರ್ತೀರಾ?" ಅಂತ ಡಾಕ್ಟರ್ ಸುಮ್ನೆ ಮಾತಿಗೆ ಕೇಳೋದಲ್ಲ, ಅದೇ ಟೆಸ್ಟು. ಪಕ್ಕದಲ್ಲಿರೋರು ಮಧ್ಯೆ ಬಾಯಿ ಹಾಕಿ "ಹೂಂ, ಓಡಾಡ್ತಾರೆ" ಅಂತ ಜಂಬ ಕೊಚ್ಚಿದ್ರೆ ಲೆಕ್ಕಾನೇ ತಪ್ಪುತ್ತೆ.

ಈ ಸ್ಕೋರ್ ರೂಪಿಸಿದ ಅಧ್ಯಯನದಲ್ಲಿ 0-1 ಅಂಕದವರು ಬದುಕಿದ ಮೀಡಿಯನ್ 319 ದಿನ, 2-4ಕ್ಕೆ 130, 5-7ಕ್ಕೆ 44. ಮೀಡಿಯನ್ ಅಂದ್ರೆ ಅರ್ಧ ಜನ ಆ ಗೆರೆ ದಾಟಿದಾರೆ ಅಂತ, ಯಮ ಕೊಟ್ಟ ತಾರೀಖಲ್ಲ. ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್‌ಗೆ 1982ರಲ್ಲಿ ಹೊಟ್ಟೆಯ ಮೀಸೋಥೀಲಿಯೋಮಾ (ಒಳಪದರದ ಕ್ಯಾನ್ಸರ್) ಬಂತು, ಮೀಡಿಯನ್ 8 ತಿಂಗಳು ಅಂತ ಓದಿಕೊಂಡ್ರು, ಬದುಕಿದ್ದು 2002ರ ತನಕ. ಎಲ್ಲರಿಗೂ ಹಂಗೇ ಆಗುತ್ತೆ ಅಂತಲ್ಲ, ಆದ್ರೆ ಗೆರೆಯಾಚೆ ಬಾಲ ಉದ್ದ ಇರುತ್ತೆ. ಇಜಿಎಫ್‌ಆರ್ ಅನ್ನೋ ಜೀನಲ್ಲಿ ಬದಲಾವಣೆ ಇರೋ ಲಂಗ್ ಕ್ಯಾನ್ಸರಿಗೆ ಈಗ ಮಾತ್ರೆಗಳಿವೆ, ಲೆಂಟ್‌ಗೆ ಅದ್ಯಾವ್ದೂ ಗೊತ್ತಿಲ್ಲ, ಲಂಗ್ ಅಂದ ತಕ್ಷಣ 2 ಹಾಕ್ಬಿಡುತ್ತೆ.

ಹಂಗಾದ್ರೆ ಯಾಕೆ ಬೇಕು ಈ ಲೆಕ್ಕ? ಟಾಲ್ಕ್ ಪುಡಿ ಹಾಕಿ ಎರಡು ಪದರ ಅಂಟಿಸೋದಾ, ಮನೇಲೇ ನೀರು ಬಸಿಯೋ ಹಂಗೆ ಸಣ್ಣ ಟ್ಯೂಬ್ ಇಡೋದಾ ಅಂತ ನಿರ್ಧಾರ ಮಾಡೋಕೆ. ಕೆಲವೇ ವಾರ ಇರ್ಬೋದು ಅನ್ನಿಸಿದ್ರೆ, ಉಸಿರು ಕಟ್ಟಿದಾಗ ಒಂದ್ಸಲ ಸೂಜೀಲಿ ತೆಗೆಸ್ಕೊಂಡು ಅವತ್ತೇ ಮನೆಗೆ ಹೋಗೋದೇ ವಾಸಿ ಅಂತ ಎಷ್ಟೋ ಜನ ಆರಿಸ್ಕೊಳ್ತಾರೆ.