ಹತ್ತಕ್ಕೆ ಒಂಬತ್ತು ಕೊಟ್ಟರೂ ಸಿಟ್ಟು ಯಾಕೆ?

2013ರ ಸೆಪ್ಟೆಂಬರ್ 16ರಂದು ಗೇಮ್‌ಸ್ಪಾಟ್ ಜಾಲತಾಣದಲ್ಲಿ ಗ್ರ್ಯಾಂಡ್ ಥೆಫ್ಟ್ ಆಟೋ 5 ಎಂಬ ವಿಡಿಯೋ ಗೇಮ್‌ನ ವಿಮರ್ಶೆ ಬಂತು. ವಿಮರ್ಶಕಿ ಆಟವನ್ನು ಬಾಯ್ತುಂಬ ಹೊಗಳಿದ್ದರು. ಹತ್ತಕ್ಕೆ ಒಂಬತ್ತು ಅಂಕ ಕೊಟ್ಟಿದ್ದರು. ಜೊತೆಗೆ, ಆಟದಲ್ಲಿ ಹೆಂಗಸರನ್ನು ತೋರಿಸಿರುವ ರೀತಿ ಕೆಟ್ಟದಾಗಿದೆ ಎಂದು ಒಂದು ಆಕ್ಷೇಪವನ್ನೂ ಬರೆದಿದ್ದರು. ಅಷ್ಟಕ್ಕೇ ಇಪ್ಪತ್ತು ಸಾವಿರಕ್ಕೂ ಜಾಸ್ತಿ ಕಾಮೆಂಟ್‌ಗಳು ಬಿದ್ದವು, ಹೆಚ್ಚಿನವು ಬೈಗುಳ. ಇವರನ್ನು ಕೆಲಸದಿಂದ ತೆಗೆಯಿರಿ ಎಂದು ಸಹಿ ಸಂಗ್ರಹ ಕೂಡ ನಡೆಯಿತು. ಈಗ ತಾರೀಕನ್ನು ಇನ್ನೊಮ್ಮೆ ನೋಡಿ. ಆಟ ಬಿಡುಗಡೆಯಾಗಿದ್ದು 17ಕ್ಕೆ. ಅಂದರೆ ಮೊದಲ ದಿನ ಉರಿದು ಬಿದ್ದವರಲ್ಲಿ ಬಹುತೇಕರು ಆ ಆಟವನ್ನು ಮುಟ್ಟಿಯೂ ಇರಲಿಲ್ಲ.

ಈ ವಿಷಯದಲ್ಲಿ ನನ್ನನ್ನು ಹಿಡಿದು ಕೂರಿಸುವುದು ಇದೇ. ಆಡಿ ಇಷ್ಟಪಟ್ಟದ್ದನ್ನು ಯಾರೋ ಬೈದರೆ ಬೇಜಾರಾಗುತ್ತದೆ, ಅದು ಅರ್ಥವಾಗುತ್ತದೆ. ಆದರೆ ಕಣ್ಣಲ್ಲೇ ಕಾಣದ ವಸ್ತುವಿನ ಪರವಾಗಿ, ಅದನ್ನು ಹೊಗಳಿದವರ ಮೇಲೆಯೇ ಇಷ್ಟು ಸಿಟ್ಟು ಎಲ್ಲಿಂದ ಬರುತ್ತದೆ?

ಸಿದ್ಧ ಉತ್ತರ ಒಂದಿದೆ. ದಿನವಿಡೀ ಗುಂಡು ಹಾರಿಸುವ ಆಟ ಆಡಿ ಆಡಿ ಹುಡುಗರ ತಲೆ ಕೆಟ್ಟಿದೆ ಎನ್ನುತ್ತಾರೆ. ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಟಿವಿ ಚರ್ಚೆಯಲ್ಲಿ ಕೂತವರಿಂದ ಹಿಡಿದು ಮನೆಯ ಹಿರಿಯರವರೆಗೆ ಎಲ್ಲರೂ ಇದನ್ನೇ ಹೇಳುತ್ತಾರೆ, ಯಾರೂ ಪರೀಕ್ಷಿಸಲು ಹೋಗುವುದಿಲ್ಲ. ಪರೀಕ್ಷಿಸಿದವರು ಏನು ಕಂಡರು ಗೊತ್ತಾ? 2019ರಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ಸಂಶೋಧಕರ ಅಧ್ಯಯನದಲ್ಲಿ 14-15 ವರ್ಷದ ಸಾವಿರಕ್ಕೂ ಸ್ವಲ್ಪ ಜಾಸ್ತಿ ಬ್ರಿಟಿಷ್ ಮಕ್ಕಳಿದ್ದರು. ಮಗು ಎಷ್ಟು ಆಡುತ್ತದೆ ಎಂದು ಮಗುವನ್ನು ಕೇಳಿದರು, ಮಗುವಿನ ಸಿಟ್ಟು-ಸೆಡವಿನ ಬಗ್ಗೆ ಹೆತ್ತವರನ್ನು ಕೇಳಿದರು. ಹಿಂಸೆಯ ಆಟಗಳಿಗೂ ಆಕ್ರಮಣಕಾರಿ ನಡವಳಿಕೆಗೂ ನಂಟು ಸಿಗಲಿಲ್ಲ. ಅಷ್ಟು ದೂರ ಹೋಗುವುದೂ ಬೇಡ. ಜೆಲ್ಡಾ ಸರಣಿಯನ್ನೇ ತೆಗೆದುಕೊಳ್ಳಿ. ಅದು ಕಾಡುಮೇಡು ಅಲೆದು ಒಗಟು ಬಿಡಿಸುವ ಆಟ, ರಕ್ತಪಾತದ ಆಟವಲ್ಲ. 2006ರಲ್ಲಿ ಅದರ ಒಂದು ಕಂತಿಗೆ ಹತ್ತಕ್ಕೆ 8.8 ಅಂಕ ಬಂದಿದ್ದಕ್ಕೆ ಅಭಿಮಾನಿಗಳು ರಂಪ ಮಾಡಿದರು. 2017ರಲ್ಲಿ ಇನ್ನೊಂದು ಕಂತಿಗೆ ಒಬ್ಬ ವಿಮರ್ಶಕರು 7 ಕೊಟ್ಟಾಗ ಅವರ ಜಾಲತಾಣಕ್ಕೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಸುಳ್ಳು ಭೇಟಿಗಳನ್ನು ನುಗ್ಗಿಸುವ ದಾಳಿ ನಡೆದು ಅದು ನೆಲಕಚ್ಚಿತು. ಇಲ್ಲಿ ಯಾವ ಗುಂಡು, ಯಾವ ರಕ್ತ?

ಹಾಗಾಗಿ ಆಟದೊಳಗೆ ಏನಿದೆ ಎಂದು ಹುಡುಕಿ ಪ್ರಯೋಜನವಿಲ್ಲ. ಆಟಕ್ಕಾಗಿ ಅಭಿಮಾನಿ ಏನನ್ನು ಕೊಟ್ಟಿದ್ದಾನೆ ಎಂದು ನೋಡಬೇಕು.

1957ರಲ್ಲಿ ಲಿಯಾನ್ ಫೆಸ್ಟಿಂಗರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಂದು ಸರಳ ವಿಚಾರ ಮುಂದಿಟ್ಟರು. ಒಂದಕ್ಕೊಂದು ಹೊಂದದ ಎರಡು ವಿಷಯಗಳನ್ನು ಮನಸ್ಸು ಒಟ್ಟಿಗೆ ಇಟ್ಟುಕೊಳ್ಳಲಾರದು. ಇಟ್ಟುಕೊಂಡರೆ ಕಿರಿಕಿರಿ. ಆ ಕಿರಿಕಿರಿ ಕಡಿಮೆ ಮಾಡಲು ಯಾವುದು ಸುಲಭವಾಗಿ ಬಗ್ಗುತ್ತದೋ ಅದನ್ನು ಬಗ್ಗಿಸುತ್ತದೆ. ಮಾಡಿಬಿಟ್ಟ ಕೆಲಸವನ್ನು ಬಗ್ಗಿಸಲು ಆಗುವುದಿಲ್ಲ, ಅಭಿಪ್ರಾಯವನ್ನು ಬಗ್ಗಿಸಬಹುದು. ಇದನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ನನಗೆ ಅತಿ ಇಷ್ಟವಾದದ್ದು 1959ರದ್ದು, ಎಲಿಯಟ್ ಆರನ್ಸನ್ ಮತ್ತು ಜಡ್ಸನ್ ಮಿಲ್ಸ್ ನಡೆಸಿದ್ದು.

ಕಾಲೇಜು ಹುಡುಗಿಯರು ಲೈಂಗಿಕ ವಿಷಯಗಳ ಚರ್ಚಾ ಗುಂಪೊಂದಕ್ಕೆ ಸೇರಲು ಬಂದಿದ್ದರು. ಕೆಲವರನ್ನು ಹಾಗೇ ಸೇರಿಸಿಕೊಂಡರು. ಕೆಲವರಿಗೆ ಅಂಥ ಮುಜುಗರವಿಲ್ಲದ ಐದು ಪದ ಓದಿಸಿದರು. ಉಳಿದವರಿಗೆ ಮಾತ್ರ ಕಷ್ಟ: ಗಂಡಸು ಪ್ರಯೋಗಕಾರನ ಎದುರು ಹನ್ನೆರಡು ಅಶ್ಲೀಲ ಪದಗಳನ್ನೂ ಕಾದಂಬರಿಗಳ ಎರಡು ಹಸಿಬಿಸಿ ಭಾಗಗಳನ್ನೂ ಗಟ್ಟಿಯಾಗಿ ಓದಬೇಕು. 1950ರ ದಶಕದಲ್ಲಿ ಅದು ಎಂಥ ನಾಚಿಕೆ, ಯೋಚಿಸಿ. ಆಮೇಲೆ ಎಲ್ಲರಿಗೂ ಹೆಡ್‌ಫೋನ್ ಹಾಕಿ ಗುಂಪಿನ ಚರ್ಚೆ ಕೇಳಿಸಿದರು. ಚರ್ಚೆ ಬೇಕಂತಲೇ ಬೋರು ಹೊಡೆಸುವಂತೆ ತಯಾರಾಗಿತ್ತು. ಪ್ರಾಣಿಗಳ ಲೈಂಗಿಕ ವರ್ತನೆ ವಿಷಯ, ತಡವರಿಸುವ ಮಾತು, ತಾವೇ ಹೇಳಿದ್ದಕ್ಕೆ ತಾವೇ ವಿರುದ್ಧ. ಸುಲಭವಾಗಿ ಸೇರಿದವರಿಗೆ ಅದು ಬೋರಾಗಿಯೇ ಕಂಡಿತು. ನಾಚಿಕೆ ನುಂಗಿ ಸೇರಿದವರಿಗೆ ಅದೇ ಚರ್ಚೆ ಚೆನ್ನಾಗಿದೆ ಅನ್ನಿಸಿತು.

ಅಶ್ಲೀಲ ಪದಗಳೇ ಕುತೂಹಲ ಕೆರಳಿಸಿರಬಹುದಲ್ವಾ ಎಂದು ಕೆಲವರು ತಕರಾರು ತೆಗೆದರು. ನ್ಯಾಯವಾದ ತಕರಾರು. 1966ರಲ್ಲಿ ಬೇರೆ ಇಬ್ಬರು ಪದಗಳ ಬದಲು ಕರೆಂಟ್ ಶಾಕ್ ಕೊಟ್ಟು ನೋಡಿದರು. ಜಾಸ್ತಿ ಶಾಕ್ ತಿಂದು ಸೇರಿದವರಿಗೇ ಗುಂಪು ಜಾಸ್ತಿ ಇಷ್ಟವಾಯಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ನೋವು ತಿಂದು ಪಡೆದದ್ದು ಕುರೂಪ ಎಂದು ಒಪ್ಪಿಕೊಂಡರೆ ತಿಂದ ನೋವೆಲ್ಲ ದಂಡ, ಅದನ್ನು ಒಪ್ಪುವುದಕ್ಕಿಂತ ಹೆಗ್ಗಣ ಚೆಂದ ಅನ್ನುವುದು ಸುಲಭ.

ಆಯ್ಕೆ ಮಾಡಿದ ಮೇಲೂ ಇದೇ ಆಗುತ್ತದೆ. 1956ರಲ್ಲಿ ಜಾಕ್ ಬ್ರೆಮ್ ಎಂಬವರು ಹೆಂಗಸರಿಗೆ ಗೃಹಬಳಕೆಯ ವಸ್ತುಗಳನ್ನು ತೋರಿಸಿ ಅಂಕ ಕೊಡಿಸಿದರು. ಎರಡರಲ್ಲಿ ಒಂದನ್ನು ಮನೆಗೆ ಒಯ್ಯಿರಿ ಎಂದರು. ಆಮೇಲೆ ಮತ್ತೆ ಅಂಕ ಕೇಳಿದರೆ, ಆರಿಸಿಕೊಂಡ ವಸ್ತುವಿನ ಅಂಕ ಏರಿತ್ತು, ಬಿಟ್ಟ ವಸ್ತುವಿನದು ಇಳಿದಿತ್ತು. ಈ ಬಗೆಯ ಪ್ರಯೋಗಗಳ ಲೆಕ್ಕದಲ್ಲೇ ಒಂದು ದೋಷವಿದೆ ಎಂದು 2010ರಲ್ಲಿ ಇಬ್ಬರು ತೋರಿಸಿದರು. ದೋಷ ತಿದ್ದಿ ಮಾಡಿದ ಹೊಸ ಪ್ರಯೋಗಗಳಲ್ಲೂ ಪರಿಣಾಮ ಉಳಿದುಕೊಂಡಿತು, ಮೊದಲಿಗಿಂತ ಸಣ್ಣದಾಗಿ.

ಈಗ ವಿಡಿಯೋ ಗೇಮ್‌ಗೆ ಬನ್ನಿ. ಸೈಬರ್‌ಪಂಕ್ 2077 ಎಂಬ ಆಟ ಬರುತ್ತದೆ ಎಂದು ಘೋಷಣೆಯಾಗಿದ್ದು 2012ರಲ್ಲಿ. ಬಂದಿದ್ದು 2020ರ ಡಿಸೆಂಬರ್ 10ಕ್ಕೆ. ಆ ಒಂದೇ ವರ್ಷದಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಸೆಪ್ಟೆಂಬರ್‌ನಿಂದ ನವೆಂಬರ್, ನವೆಂಬರ್‌ನಿಂದ ಡಿಸೆಂಬರ್ ಎಂದು ಮೂರು ಸಲ ಮುಂದಕ್ಕೆ ಹೋಯಿತು. 80 ಲಕ್ಷ ಜನ ಮುಂಗಡವಾಗಿ ಕೊಂಡಿದ್ದರು. ಎಂಟು ವರ್ಷ ಕಾದು, ಟ್ರೇಲರ್‌ನ ಒಂದೊಂದು ಚೌಕಟ್ಟನ್ನೂ ನಿಲ್ಲಿಸಿ ನೋಡಿ, ಗೆಳೆಯರ ಜೊತೆ ಗಂಟೆಗಟ್ಟಲೆ ವಾದಿಸಿ, ಹಣವನ್ನೂ ಕೊಟ್ಟು ಮುಗಿಸಿದ ಮನುಷ್ಯನಿಗೆ ಆ ಹನ್ನೆರಡು ಪದ ಓದಿದ ಹುಡುಗಿಗಿಂತ ದೊಡ್ಡ ಪ್ರವೇಶ ಪರೀಕ್ಷೆ ಆಗಿಹೋಗಿದೆ. ಆಟ ಹೇಗಿದೆ ಎಂದು ತಿಳಿಯುವ ಮೊದಲೇ ಅದು ಚೆನ್ನಾಗಿರಲೇಬೇಕು ಎಂದು ಮನಸ್ಸು ತೀರ್ಮಾನ ಮಾಡಿಬಿಟ್ಟಿದೆ.

ಬಿಡುಗಡೆಗೆ ಮೂರು ದಿನ ಮುಂಚೆ, ಡಿಸೆಂಬರ್ 7ರಂದು, ಗೇಮ್ ಇನ್ಫಾರ್ಮರ್ ಪತ್ರಿಕೆಯ ವಿಮರ್ಶಕಿಯೊಬ್ಬರು ಒಂದು ಎಚ್ಚರಿಕೆ ಬರೆದರು. ಅವರಿಗೆ ಮೂರ್ಛೆರೋಗ ಇದೆ. ಆಟದ ಒಂದು ದೃಶ್ಯದಲ್ಲಿ ಪಾತ್ರದ ತಲೆಗೆ ಒಂದು ಸಾಧನ ತೊಡಿಸುತ್ತಾರೆ, ಕೆಂಪು ಮತ್ತು ಬಿಳಿ ದೀಪಗಳು ಪಟಪಟನೆ ಮಿಣುಕುತ್ತವೆ. ಆಡುವಾಗ ಅವರಿಗೆ ಜೋರಾಗಿ ಮೂರ್ಛೆ ಬಂದಿತ್ತು. ಬೇರೆಯವರಿಗೆ ಹೀಗಾಗದಿರಲಿ ಎಂದು ಎಲ್ಲೆಲ್ಲಿ ಎಚ್ಚರವಿರಬೇಕು ಎಂದು ವಿವರವಾಗಿ ತಿಳಿಸಿದರು. ಆಟ ಕೆಟ್ಟದು ಅನ್ನಲಿಲ್ಲ, ಕೊಳ್ಳಬೇಡಿ ಅನ್ನಲಿಲ್ಲ. ಇದಕ್ಕೆ ಕೆಲವರು ಅವರಿಗೆ ಮಿಣುಕುವ ವಿಡಿಯೋಗಳನ್ನು ಕಳಿಸಿದರು. ಮೂರ್ಛೆರೋಗ ಇರುವವರಿಗೆ, ಮೂರ್ಛೆ ಬರಲಿ ಎಂದೇ. ಇದನ್ನು ಓದಿದಾಗ ನನಗಾದ ಸಂಕಟ ಈಗಲೂ ಹೋಗಿಲ್ಲ. ಆಟ ತಯಾರಿಸಿದ ಕಂಪನಿ ಮಾತ್ರ ಎಚ್ಚರಿಕೆಯನ್ನು ಗಂಭೀರವಾಗಿ ತೆಗೆದುಕೊಂಡು ಕೆಲವೇ ದಿನಗಳಲ್ಲಿ ಆ ದೃಶ್ಯದ ಮಿಣುಕನ್ನು ತಿದ್ದಿತು.

ಆಮೇಲೆ ನಡೆದದ್ದು ಫೆಸ್ಟಿಂಗರ್ ವಿಚಾರಕ್ಕೆ ಇನ್ನೂ ಚೆನ್ನಾಗಿ ಹೊಂದುತ್ತದೆ. ಹಳೆಯ ಕನ್ಸೋಲ್‌ಗಳಲ್ಲಿ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರಗಳಲ್ಲಿ, ಆಟ ಪದೇಪದೇ ನಿಂತುಹೋಯಿತು. ಇನ್ನೊಬ್ಬರು ಬರೆದ ಮಾತನ್ನು ಸುಳ್ಳು ಅನ್ನಬಹುದು, ಸ್ವಂತ ಟಿವಿಯಲ್ಲಿ ಹೆಪ್ಪುಗಟ್ಟಿ ನಿಂತ ಚಿತ್ರವನ್ನು ಏನೆಂದು ಸಮರ್ಥಿಸುವುದು? ಒಂದೇ ವಾರದಲ್ಲಿ ಗಾಳಿ ತಿರುಗಿತು. ಹಣ ವಾಪಸು ಕೊಡಿ ಎಂಬ ಕೂಗು ಎದ್ದಿತು. ಸೋನಿ ತನ್ನ ಆನ್‌ಲೈನ್ ಅಂಗಡಿಯಿಂದಲೇ ಆಟವನ್ನು ತೆಗೆದುಹಾಕಿತು, ಅದು ಮರಳಿದ್ದು 2021ರ ಜೂನ್‌ನಲ್ಲಿ. ಜನ ಇದನ್ನು ಚಂಚಲತೆ ಅಂದರು. ನನಗೆ ಹಾಗನ್ನಿಸುವುದಿಲ್ಲ. ಕೊಟ್ಟಿದ್ದು ದಂಡವಾಗಬಾರದು ಎಂಬ ಹಟವೇ ಮೊದಲು ವಿಮರ್ಶಕರ ಮೇಲೆ ತಿರುಗಿತು, ದಂಡವಾಯಿತು ಎಂದು ಖಚಿತವಾದ ಮೇಲೆ ಕಂಪನಿಯ ಮೇಲೆ ತಿರುಗಿತು.

ಒಬ್ಬನ ಮನಸ್ಸಿನ ಕಥೆ ಇದಾಯಿತು. ಸಾವಿರಾರು ಜನ ಒಟ್ಟಿಗೆ ಮೈಮೇಲೆ ಬೀಳುವುದಕ್ಕೆ ಇನ್ನೊಂದು ಕಾರಣ ಬೇಕು, ಅದು ಗುಂಪು. ಇದನ್ನು ಬಿಡಿಸಿ ತೋರಿಸಿದವರು ಹೆನ್ರಿ ತಾಜ್‌ಫೆಲ್. 1919ರಲ್ಲಿ ಪೋಲೆಂಡ್‌ನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆ ಸೇರಿ ಜರ್ಮನರ ಕೈಗೆ ಸೆರೆಸಿಕ್ಕರು. ಪೋಲೆಂಡ್‌ನ ಯಹೂದಿ ಎಂದು ಗೊತ್ತಾಗಿದ್ದರೆ ಬದುಕುತ್ತಿರಲಿಲ್ಲ, ಫ್ರೆಂಚ್ ಸೈನಿಕ ಎಂಬ ಗುರುತು ಜೀವ ಉಳಿಸಿತು. ಯುದ್ಧ ಮುಗಿಸಿ ಬಂದಾಗ ಮನೆಯವರು ಇರಲಿಲ್ಲ. ಮನುಷ್ಯರು ನಾವು-ಅವರು ಎಂದು ಭಾಗವಾಗಲು ಕನಿಷ್ಠ ಎಷ್ಟು ಕಾರಣ ಸಾಕು ಎಂಬ ಪ್ರಶ್ನೆಯನ್ನು ಅವರು ಜೀವನವಿಡೀ ಕೇಳಿದರು. ಬ್ರಿಸ್ಟಲ್‌ನ 14-15 ವರ್ಷದ ಹುಡುಗರಿಗೆ ಪಾಲ್ ಕ್ಲೀ ಮತ್ತು ಕ್ಯಾಂಡಿನ್ಸ್‌ಕಿ ಎಂಬ ಇಬ್ಬರು ಕಲಾವಿದರ ಚಿತ್ರಗಳನ್ನು, ಯಾರದ್ದೆಂದು ಹೇಳದೆ ತೋರಿಸಿದರು. ನೀನು ಕ್ಲೀ ಗುಂಪು, ನೀನು ಕ್ಯಾಂಡಿನ್ಸ್‌ಕಿ ಗುಂಪು ಎಂದರು. ನಿಜಕ್ಕೂ ಅದು ಸುಮ್ನೆ ಚೀಟಿ ಎತ್ತಿದ ಹಾಗೆ ಮಾಡಿದ ವಿಂಗಡಣೆ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಎಂದೂ ಹುಡುಗನಿಗೆ ಗೊತ್ತಿಲ್ಲ. ಆಮೇಲೆ ಬೇರೆಯವರಿಗೆ ಹಣ ಹಂಚಲು ಹೇಳಿದರು. ಹುಡುಗರು ತಮ್ಮ ಗುಂಪಿಗೆ ಜಾಸ್ತಿ ಕೊಟ್ಟರು, ಅದು ನಿರೀಕ್ಷಿತ. ಆದರೆ ತಮ್ಮವರಿಗೆ ಬರುವ ಮೊತ್ತ ಕಡಿಮೆಯಾದರೂ ಪರವಾಗಿಲ್ಲ, ಆ ಕಡೆಯವರಿಗಿಂತ ಅಂತರ ದೊಡ್ಡದಿರಬೇಕು ಎಂಬ ಆಯ್ಕೆಗೆ ಒಲಿದರು.

ಚೀಟಿ ಎತ್ತಿ ಮಾಡಿದ ಗುಂಪಿನಲ್ಲೇ ಹೀಗಾದರೆ, 1990ರ ದಶಕದಲ್ಲಿ ಸೆಗಾ ಮತ್ತು ನಿಂಟೆಂಡೊ ಎಂಬ ಎರಡು ಕನ್ಸೋಲ್ ಕಂಪನಿಗಳ ಜಾಹೀರಾತುಗಳೇ ಹುಡುಗರನ್ನು ಎರಡು ಪಾಳಯ ಮಾಡಿದ್ದು ಏನಾಗಿರಬೇಡ! ಎರಡೂ ಕನ್ಸೋಲ್ ಕೊಳ್ಳುವಷ್ಟು ಹಣ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. ಒಂದು ಬಂದರೆ ಅದೇ ಪಕ್ಷ. ಇದು ಗೇಮ್‌ಗಳ ಜೊತೆ ಹುಟ್ಟಿದ ರೋಗ ಎಂದು ಭಾವಿಸುವವರು ಕ್ರಿ.ಶ. 532ರ ಕಾನ್‌ಸ್ಟಾಂಟಿನೋಪಲ್ (ಇಂದಿನ ಇಸ್ತಾಂಬುಲ್) ಕಡೆ ನೋಡಬೇಕು. ಅಲ್ಲಿ ರಥದ ಓಟಕ್ಕೆ ನೀಲಿ ಮತ್ತು ಹಸಿರು ಎಂಬ ಎರಡು ಅಭಿಮಾನಿ ಬಣಗಳಿದ್ದವು. ಬಣಗಳ ಗಲಾಟೆ ರಾಜಕೀಯದ ಜೊತೆ ಸೇರಿ ದಂಗೆಯಾಯಿತು, ಊರಿನ ದೊಡ್ಡ ಭಾಗ ಸುಟ್ಟುಹೋಯಿತು, ಸತ್ತವರು ಮೂವತ್ತು ಸಾವಿರಕ್ಕೂ ಹೆಚ್ಚು ಎಂದು ಆ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ.

ಗುಂಪಿನೊಳಗೆ ಇದ್ದವನಿಗೆ ಕಾಣುವುದೇ ಬೇರೆ. 1951ರಲ್ಲಿ ಡಾರ್ಟ್‌ಮತ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ ಒರಟಾದ ಫುಟ್‌ಬಾಲ್ ಪಂದ್ಯ ನಡೆಯಿತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು. ಆಮೇಲೆ ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಒಂದೇ ಫಿಲ್ಮ್ ತೋರಿಸಿ ತಪ್ಪಾಟ ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಪ್ರಿನ್ಸ್‌ಟನ್‌ನವರ ಎಣಿಕೆಯಲ್ಲಿ ಡಾರ್ಟ್‌ಮತ್‌ನವರ ಎಣಿಕೆಗಿಂತ ಎರಡು ಪಟ್ಟು ಇದ್ದವು. ಅವರು ಸುಳ್ಳು ಹೇಳುತ್ತಿರಲಿಲ್ಲ, ಅವರಿಗೆ ಕಂಡಿದ್ದೇ ಹಾಗೆ. 9 ಅಂಕದ ವಿಮರ್ಶೆಯಲ್ಲಿ ಹೊಗಳಿಕೆ ಕಾಣದೆ ಆಕ್ಷೇಪದ ಒಂದು ಸಾಲು ಮಾತ್ರ ಕಣ್ಣಿಗೆ ಚುಚ್ಚುವುದೂ ಹೀಗೆಯೇ ಎಂದು ನನಗನ್ನಿಸುತ್ತದೆ.

ಇದರ ಮೇಲೆ ಎಣ್ಣೆ ಸುರಿಯುವುದು ಲೈಕ್ ಗುಂಡಿ. 2021ರಲ್ಲಿ ಯೇಲ್ ಸಂಶೋಧಕರು 7,331 ಟ್ವಿಟರ್ ಬಳಕೆದಾರರ 1.27 ಕೋಟಿ ಟ್ವೀಟ್‌ಗಳನ್ನು ಜಾಲಾಡಿದರು. ಸಿಟ್ಟಿನ ಮಾತಿಗೆ ಲೈಕ್ ಸಿಕ್ಕವರು ಮುಂದೆ ಇನ್ನಷ್ಟು ಸಿಟ್ಟಿನಿಂದ ಬರೆದರು. ಯಾರೂ ಹೇಳಿಕೊಡದೆ ಸಿಟ್ಟು ಅಭ್ಯಾಸವಾಗುತ್ತದೆ.

ಹಾಗಾದರೆ ಇಂಥವರ ಜೊತೆ ಮಾತಾಡುವುದು ಹೇಗೆ? ನಿನಗೆ ಬೇರೆ ಜೀವನ ಇಲ್ವಾ ಎಂದು ಹಂಗಿಸುವುದು ರೂಢಿ. ಇದಕ್ಕಿಂತ ಕೆಟ್ಟ ದಾರಿ ಇನ್ನೊಂದಿಲ್ಲ, ಹಾಗನ್ನಲು ಆಧಾರವಿದೆ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಮರಣದಂಡನೆಯ ಪರ ಮತ್ತು ವಿರೋಧ ಇರುವವರಿಗೆ ಅವರ ನಂಬಿಕೆಗೆ ವಿರುದ್ಧವಾದ ಸಾಕ್ಷ್ಯ ಓದಲು ಕೊಟ್ಟರು. ಓದುವ ಮೊದಲು ಕೆಲವರಿಂದ, ವಾದಕ್ಕೆ ಸಂಬಂಧವೇ ಇಲ್ಲದ, ತಮಗೆ ಮುಖ್ಯವಾದ ಒಂದು ಮೌಲ್ಯದ ಬಗ್ಗೆ ಬರೆಸಿದ್ದರು. ಹಾಗೆ ಬರೆದವರು ಸಾಕ್ಷ್ಯಕ್ಕೆ ಜಾಸ್ತಿ ಕಿವಿಗೊಟ್ಟರು. ತನ್ನ ಬೆಲೆ ಬೇರೆ ಕಡೆಯೂ ಇದೆ ಎಂದು ನೆನಪಾದವನಿಗೆ ಒಂದು ಅಭಿಪ್ರಾಯ ಬಿಟ್ಟುಕೊಡುವುದು ಅಷ್ಟು ಕಷ್ಟವಲ್ಲ. ಹಂಗಿಸುವವರು ಮಾಡುವುದು ಇದಕ್ಕೆ ತದ್ವಿರುದ್ಧ. ಆಟ ಬಿಟ್ಟರೆ ನಿನಗೆ ಏನೂ ಇಲ್ಲ ಎಂದು ನೆನಪಿಸಿ, ಅವನು ಆಟವನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಳ್ಳುವಂತೆ ಮಾಡುತ್ತಾರೆ.

ಜಾಲತಾಣಗಳೂ ಕೆಲವು ಉಪಾಯ ಮಾಡಿವೆ. ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ 2017ರಲ್ಲಿ ಬಳಕೆದಾರರ ವಿಮರ್ಶೆಗಳು ಯಾವ ದಿನ ಹೇಗೆ ಬಂದವು ಎಂದು ನಕ್ಷೆ ತೋರಿಸಲು ಶುರುಮಾಡಿತು. 2019ರಿಂದ ಆಟಕ್ಕೆ ಸಂಬಂಧವಿಲ್ಲದ ಜಗಳಕ್ಕೆ ಗುಂಪಾಗಿ ಬಂದು ಸುರಿದ ಅಂಕಗಳನ್ನು ಲೆಕ್ಕದಿಂದ ಹೊರಗಿಡುತ್ತಿದೆ. 2020ರ ಜೂನ್ 19ರಂದು ದಿ ಲಾಸ್ಟ್ ಆಫ್ ಅಸ್ ಭಾಗ 2 ಬಿಡುಗಡೆಯಾದಾಗ, ಮುಗಿಸಲು ಇಪ್ಪತ್ತಕ್ಕೂ ಹೆಚ್ಚು ಗಂಟೆ ಬೇಕಾದ ಆ ಆಟಕ್ಕೆ, ಅಂಕಗಳನ್ನು ಒಂದೆಡೆ ಸೇರಿಸಿ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ, ಕೆಲವೇ ಗಂಟೆಗಳಲ್ಲಿ ಸಾವಿರಾರು ಸೊನ್ನೆ ಬಿದ್ದವು. ಮರುತಿಂಗಳೇ ಮೆಟಾಕ್ರಿಟಿಕ್ ನಿಯಮ ಬದಲಿಸಿತು: ಬಿಡುಗಡೆಯಾಗಿ 36 ಗಂಟೆ ಕಳೆಯುವವರೆಗೆ ಬಳಕೆದಾರರು ಅಂಕ ಕೊಡುವಂತಿಲ್ಲ. ನಾನು ನೋಡಿದ ಉಪಾಯಗಳಲ್ಲಿ ಸರಿಯಾದ ಜಾಗಕ್ಕೆ ಕೈಹಾಕಿದ್ದು ಇದು. ಕಾದಿದ್ದು, ಕೊಟ್ಟಿದ್ದು ಎಲ್ಲ ಲೆಕ್ಕದಲ್ಲಿದ್ದು ಆಡಿದ ಅನುಭವ ಮಾತ್ರ ಇನ್ನೂ ಬಾರದ ಹೊತ್ತಿನಲ್ಲೇ ಸಿಟ್ಟು ನೆತ್ತಿಗೇರುವುದು, ಆ ನಿಯಮ ತಡೆಯುವುದೂ ಆ ಹೊತ್ತನ್ನೇ.